ಸೂಲಗಿತ್ತಿಯ ನೆಗಡಿ

"ಮೇಡಂ, ಹೇಳಿದಷ್ಟು ದಿನ ಮಾತ್ರೆ ನುಂಗದೆ, ನಂಜು ಏರಿಸಿಕೊಂಡು ಬಂದು, ಮೇಲೆ ಸುಳ್ಳನ್ನೂ ಹೇಳುವವರ ಮೇಲೆ ಸಿಟ್ಟಾಗುವುದು ತಪ್ಪೇ?"

ನರ್ಸಿಂಗ್ ಕೊನೆಯ ವರ್ಷದ ಶಾಂಭವಿ ಹೀಗೆ ಕೇಳುವಾಗ ಅವಳ ಮೈ ಇನ್ನೂ ಉರಿಯುತ್ತಿತ್ತು. ವಾರ್ಡಿನಲ್ಲಿ ರುದ್ರವ್ವ ಎಂಬಾಕೆ ಮಲಗಿದ್ದಳು. ಖಾನಾವಳಿಗೆ ರೊಟ್ಟಿ ಬಡಿದು ಹೊಟ್ಟೆ ಹೊರೆಯುವ ಹೆಂಗಸು. ಹಿಂದಿನ ತಿಂಗಳು ಅಂಗೈ ಕೊಯ್ದುಕೊಂಡು ಬಂದು, ಇದೇ ವಾರ್ಡಿನಲ್ಲಿ ಹೊಲಿಗೆ ಹಾಕಿಸಿಕೊಂಡು, ಶಾಂಭವಿಯ ಕೈಯಿಂದಲೇ ಡ್ರೆಸ್ಸಿಂಗ್ ಮಾಡಿಸಿಕೊಂಡು, ಮಾತ್ರೆ ತೆಗೆದುಕೊಂಡು ಹೋಗಿದ್ದಳು. ಈಗ ಆ ಅಂಗೈ ಕೀವುಗಟ್ಟಿದೆ. ದಿನವೂ ಕೊಡುವ ಆಂಟಿಬಯಾಟಿಕ್ಕುಗಳೊಂದೂ ಈ ಕೀವಿಗೆ ನಾಟುವುದಿಲ್ಲ ಎಂದು ಲ್ಯಾಬಿನವರು ಬರೆದು ಕಳಿಸಿದ್ದಾರೆ. ಒಂದೇ ಒಂದು ಮದ್ದು ಉಳಿದಿದೆ, ಅದು ಮೂತ್ರಪಿಂಡಕ್ಕೆ ಹೊಡೆತ ಕೊಡುವಂಥದ್ದು. ಅದಕ್ಕೂ ಜಗ್ಗದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿ ಹೋದರು.

"ಎಲ್ಲಾ ಗುಳಿಗಿ ನುಂಗೀನ್ರೀ ಸಿಸ್ಟರ್, ಒಂದೂ ಬಿಟ್ಟಿಲ್ಲ," ಎಂದು ರುದ್ರವ್ವ ಅತ್ತಳು. ಶಾಂಭವಿ ವಾರ್ಡೆಲ್ಲ ಕೇಳುವಂತೆ ಅವಳನ್ನು ಬೈದಳು. ಸುಳ್ಳಿ ಎಂದಳು. ಬೆರಳು ಹೋದರೆ ನಿನ್ನ ಕರ್ಮ ಎಂದೂ ಅಂದುಬಿಟ್ಟಳು.

ಔಷಧಶಾಸ್ತ್ರ ಕಲಿಸುವ ಎಮಿಲಿ ಮೇಡಂ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದರು. ಶಾಂಭವಿಯನ್ನು ತಮ್ಮ ಕೋಣೆಗೆ ಕರೆದು ಕೂರಿಸಿದವರೂ ಅವರೇ. ಅವಳ ಪ್ರಶ್ನೆ ಕೇಳಿ, ಮುಖ ಬಿಗಿದುಕೊಂಡೇ ಒಂದು ಕತೆ ಹೇಳಿದರು.

"ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಕೈಗುಣ ಒಳ್ಳೆಯದು, ನಾಲಿಗೆ ಮಾತ್ರ ಕೊಡಲಿ. ದವಾಖಾನೆಯವರು ಬಾಣಂತಿಯರ ನಂಜಿಗೆಂದು ಅವಳ ಬಳಿ ಮಾತ್ರೆ ಇಟ್ಟಿದ್ದರು. ಕೊಡುವಾಗ ಅವಳು ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು. ಹೊಟ್ಟೆ ತೊಳಸುತ್ತದೆ, ಉಂಡು ನುಂಗು. ಬಾಯಿ ಕಹಿಯಾಗುತ್ತದೆ, ಭೇದಿಯೂ ಆದೀತು, ಹೆಚ್ಚಾದರೆ ಹೇಳಿ ಕಳಿಸು. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ, ನಿಲ್ಲಿಸಿ ನನ್ನ ಬಳಿ ಓಡಿ ಬಾ. ಜ್ವರ ಇಳಿಯಿತೆಂದು ನೀನಾಗಿ ನಿಲ್ಲಿಸಿದೆಯೋ, ಸಾಯದೆ ಉಳಿದ ಕ್ರಿಮಿ ಮದ್ದಿನ ವರಸೆ ಕಲಿತುಬಿಡುತ್ತದೆ, ಆಮೇಲೆ ದೇವರು ಬಂದರೂ ಆಗುವುದಿಲ್ಲ. ಅರ್ಧಕ್ಕೆ ಬಿಟ್ಟವಳ ಮನೆ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಉಗಿಯುತ್ತಿದ್ದಳು.

"ಅವಳಿಗೂ ಆಗಾಗ ನೆಗಡಿಯಾಗುತ್ತಿತ್ತು. ನೆಗಡಿಗೆ ಆ ಮಾತ್ರೆ ಏನೂ ಮಾಡದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಾರನೆಯ ದಿನ ಇನ್ನೊಂದು. ಹೊಟ್ಟೆ ತೊಳಸಿದರೆ ನಿಲ್ಲಿಸುತ್ತಿದ್ದಳು. ಎಲ್ಲ ತಿಳಿದ ನನಗೆ ಯಾರ ಅಪ್ಪಣೆ ಬೇಕು ಎಂಬ ದಿಮಾಕು. ಹೀಗೆ ವರ್ಷಗಟ್ಟಲೆ ನಡೆಯಿತು. ಅವಳ ಮೂಗಿನಲ್ಲಿ, ಗಂಟಲಲ್ಲಿ ಸದ್ದಿಲ್ಲದೆ ಕೂತಿದ್ದ ಕ್ರಿಮಿಗಳು ಮದ್ದಿನ ರುಚಿ ನೋಡಿ ನೋಡಿ ಗಟ್ಟಿಯಾದವು. ಅವಳಿಗೆ ಅವು ಏನೂ ಮಾಡಲಿಲ್ಲ. ಮೂಗು ಒರೆಸಿಕೊಂಡ ಕೈಯಲ್ಲೇ ಅವಳು ಹೆರಿಗೆಗೆ ಹೋಗುತ್ತಿದ್ದಳು.

"ಒಬ್ಬ ನೇಕಾರನ ಹೆಂಡತಿ ಚೊಚ್ಚಲು ಹೆತ್ತಳು. ನಂಜೇರಿತು. ಹೇಳಿದ ಮಾತು ಮೀರದ ಹುಡುಗಿ. ವಾಂತಿ ತಡೆದುಕೊಂಡು, ಕಣ್ಣೀರು ಸುರಿಸಿಕೊಂಡು, ಒಂದು ಮಾತ್ರೆಯನ್ನೂ ಬಿಡದೆ ನುಂಗಿದಳು. ಜ್ವರ ಜಗ್ಗಲಿಲ್ಲ. ಸೂಲಗಿತ್ತಿ ಬಾಗಿಲಲ್ಲಿ ನಿಂತು, 'ಅರ್ಧಕ್ಕ ಬಿಟ್ಟಿರಬೇಕು ಈಕಿ,' ಎಂದು ಹರಿಹಾಯ್ದಳು.

"'ಇಲ್ರೀ ಯವ್ವಾ, ನಾನ ಕೈಯಾರ ನುಂಗಿಸೀನಿ,' ಎಂದ ನೇಕಾರ.

"'ಗಂಡ ಹೆಂಡ್ತಿ ಇಬ್ರೂ ಕೂಡಿ ಸುಳ್ಳ ಹೇಳ್ತೀರಿ,' ಎಂದಳು ಆಕೆ.

"ಹುಡುಗಿ ಸತ್ತಳು. ತಾನು ಸುಳ್ಳಿ ಎಂಬ ಮಾತನ್ನು ಕಿವಿಯಾರೆ ಕೇಳಿ ಸತ್ತಳು. ಕೂಸನ್ನು ನೇಕಾರ ಎತ್ತಿಕೊಂಡ. ಸೂಲಗಿತ್ತಿ ಮನೆಗೆ ಬಂದು, ಈ ಜನಕ್ಕೆ ಬುದ್ಧಿ ಯಾವಾಗ ಬರುತ್ತದೋ ಎಂದು ಗೊಣಗಿದಳು, ಎರಡು ಸಲ ಸೀನಿದಳು, ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು."

ಶಾಂಭವಿಗೆ ರಕ್ತ ಕುದಿಯಿತು. ರುದ್ರವ್ವನ ಮೇಲಿನ ಸಿಟ್ಟು ಈಗ ಅದಕ್ಕಿಂತ ದೊಡ್ಡ ಸಿಟ್ಟಿನಲ್ಲಿ ಮುಳುಗಿಹೋಗಿತ್ತು. "ಅಂಥವಳನ್ನು ಊರವರು ಸುಮ್ಮನೆ ಬಿಟ್ಟರೇ, ಮೇಡಂ? ನಾನಾಗಿದ್ದರೆ ಇನ್ನೊಬ್ಬ ಬಾಣಂತಿಯ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ!"

ಎಮಿಲಿ ಮೇಡಂ ಮೇಜಿನ ಆಚೆಯಿಂದ ಅವಳೆದುರಿಗೆ ಕೈ ಚಾಚಿದರು.

"ನೆಗಡಿಯಾದಾಗಲೆಲ್ಲ ವಾರ್ಡಿನ ಕಪಾಟಿನಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೀಯಲ್ಲ, ಆ ಮಾತ್ರೆ ಕೊಡು ಇಲ್ಲಿ."