ಕುರುಬರ ಹಟ್ಟಿಗೆ ಕಂಬಳಿ ಒಯ್ದ ಸಾಹುಕಾರ

ಸುಗ್ಗಿ ಮುಗಿದ ಹೊಸದರಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿತ್ತು. ಹೇಗೆ ಹತ್ತಿತೋ ಯಾರಿಗೂ ತಿಳಿಯಲಿಲ್ಲ. ಗುಡ್ಡದ ಮೇಲೆ ಕುರುಬರ ಹಟ್ಟಿಯೊಂದಿತ್ತು. ಜನ ಕುರಿಗಳನ್ನು ಅಟ್ಟಿಕೊಂಡು ಕೆರೆಯಂಗಳಕ್ಕೆ ಓಡಿ ಜೀವ ಉಳಿಸಿಕೊಂಡರು. ಗುಡಿಸಲು ಹೋದವು, ಕಾಳುಕಡಿ ಹೋಯಿತು, ಗುಡ್ಡದ ಹುಲ್ಲೆಲ್ಲ ಕರಕಲಾಯಿತು. ಉಟ್ಟ ಬಟ್ಟೆ, ಹೆಗಲ ಕಂಬಳಿ, ಕುರಿಹಿಂಡು ಬಿಟ್ಟರೆ ಅವರಿಗೆ ಏನೂ ಉಳಿಯಲಿಲ್ಲ.

ಕೆಳಗಿನ ಊರಿನವರು ಒಳ್ಳೆಯ ಜನ. ಸುದ್ದಿ ಕೇಳಿ ಮರುಗಿದರು. ಮನೆಮನೆಯಿಂದ ಅಕ್ಕಿ, ಜೋಳ ಕೂಡಿಸಿದರು. ಬಟ್ಟೆ ಅಂಗಡಿಯೂ ಹೊಲವೂ ಇದ್ದ ಗುರಲಿಂಗಪ್ಪ ಸಾಹುಕಾರ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಕೊಟ್ಟ. ತನ್ನ ಅಂಗಡಿಯ ಹೊಸ ಕಂಬಳಿಗಳನ್ನೂ ಗಾಡಿಗೆ ಹೇರಿಸಿದ. ಕುರುಬರಿಗೆ ಕಂಬಳಿ ಒಯ್ಯುವುದೆಂದರೆ ಗಾಣಿಗರ ಮನೆಗೆ ಎಣ್ಣೆ ಒಯ್ದ ಹಾಗೆ. ಆದರೆ ಅವನ ಮನಸ್ಸು ತುಂಬಿ ಬಂದಿತ್ತು. ಮನಸ್ಸು ತುಂಬಿದಾಗ ತಲೆ ಒಮ್ಮೊಮ್ಮೆ ರಜೆ ಹಾಕುತ್ತದೆ, ಏನು ಮಾಡುವುದು?

ಬೆಂಕಿ ಆರಿದ ಮೇಲೆ ಕುರುಬರು ಸುಟ್ಟ ಹಟ್ಟಿಗೇ ಮರಳಿದ್ದರು. ಅವರ ಹಿರಿಯ ಮಾಳಪ್ಪ ತನ್ನ ಹೆಗಲ ಕಂಬಳಿ ಹಾಸಿ ಸಾಹುಕಾರನನ್ನು ಕೂರಿಸಿದ. ಅದರ ಮೇಲೆ ಕೂತೇ ಸಾಹುಕಾರ ಕಂಬಳಿ ಹಂಚಿದ. ಮಾಳಪ್ಪ ಕೈಮುಗಿದು ತೆಗೆದುಕೊಂಡ. ಆದರೆ ಅವನ ಕಣ್ಣು ಮತ್ತೆ ಮತ್ತೆ ಕುರಿಗಳ ಕಡೆಗೇ ಹೋಗುತ್ತಿತ್ತು. ಮೇವಿಲ್ಲದೆ ಅವುಗಳ ಪಕ್ಕೆಲುಬು ಕಾಣುತ್ತಿದ್ದವು.

"ಯಾಕ ಮಾಳಪ್ಪ, ಇನ್ನೂ ಏನರ ಕಡಿಮಿ ಆತೇನು?" ಎಂದ ಸಾಹುಕಾರ.

"ನಮ್ಮ ಹೊಟ್ಟಿಗೆ ಏನೂ ಕಡಿಮಿ ಇಲ್ರಿ ಸಾವ್ಕಾರ್ರ. ಕುರಿ ಅಕ್ಕಿ ತಿಂದು ಬದುಕೂದಿಲ್ಲಲ್ರಿ. ಕುರಿ ವ್ಯಾಪಾರಿಗೆ ಹೇಳಿ ಕಳಿಸೀವಿ. ಹಿಂಡು ಪೂರಾ ಕೊಟ್ಟುಬಿಡ್ತೀವಿ."

ಸಾಹುಕಾರನಿಗೆ ಇರುಸುಮುರುಸಾಯಿತು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸುತ್ತಾರಲ್ಲ ಎಂದು ಗೊಣಗಿಕೊಂಡು ಗಾಡಿ ಹತ್ತಿದ.

ಇಳಿಜಾರಿನಲ್ಲಿ ಕುರಿ ವ್ಯಾಪಾರಿ ಎದುರಾದ. "ಲಗೂನ ಹೊಂಟೀನ್ರಿ," ಎಂದ ಅವನು ನಗುತ್ತ. "ಮತ್ಯಾರರ ಮೇವು ಕೊಟ್ಟುಗಿಟ್ಟಾರು. ಹಸದ ಕುರಿ ಹೇಳಿದ ರೇಟಿಗೆ ಬರ್ತಾವ."

ಸಾಹುಕಾರನಿಗೆ ನಗು ಬರಲಿಲ್ಲ. ಹಿಂಡು ಹೋದರೆ ಹಟ್ಟಿಯೇ ಹೋದಂತೆ. ಅಕ್ಕಿ ತೀರಿದ ಮೇಲೆ ಆ ಜನ ತಾನು ಕೊಟ್ಟ ಕಂಬಳಿ ಹೊದ್ದು ಭಿಕ್ಷೆಗೆ ಹೋಗಬೇಕು. ಅವನಿಗೆ ನಾಚಿಕೆಯಾಯಿತು. ಗಾಡಿ ತಿರುಗಿಸಿ, ವ್ಯಾಪಾರಿಗಿಂತ ಮೊದಲೇ ಹಟ್ಟಿ ಮುಟ್ಟಿದ.

"ಮಾಳಪ್ಪ, ಮೊದಲ ಕೇಳಬೇಕಿತ್ತು, ಕೇಳಲಿಲ್ಲ. ನಿಮಗ ಏನ್ ಬೇಕು ಹೇಳು."

ಮಾಳಪ್ಪ ಕುರಿಗಳ ಕಡೆ ಕೈ ತೋರಿಸಿದ. ಅವನ ಹೆಂಡತಿ ಲಗುಮವ್ವ ಹೇಳಿದಳು: "ಈ ವರ್ಷ ನಮ್ಮನ್ನ ಹೊಲಕ್ಕ ಯಾರೂ ಕರೀಲಿಲ್ರಿ ಯಪ್ಪಾ."

ಆ ಸೀಮೆಯಲ್ಲೊಂದು ಪದ್ಧತಿಯಿತ್ತು. ಸುಗ್ಗಿಯಾದ ಮೇಲೆ ರೈತರು ಗುಡ್ಡ ಹತ್ತಿ ಬಂದು ವೀಳ್ಯ ಕೊಟ್ಟು ಕುರುಬರನ್ನು ಕರೆಯುತ್ತಿದ್ದರು. ಕುರುಬರು ಬರಿದಾದ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಕುರಿಗೆ ಮೇವು, ಕುರುಬರಿಗೆ ಕಾಳು, ಹೊಲಕ್ಕೆ ಗೊಬ್ಬರ. ವೀಳ್ಯವಿಲ್ಲದೆ ಕುರುಬರು ಯಾರ ಹೊಲಕ್ಕೂ ಇಳಿಯುತ್ತಿರಲಿಲ್ಲ.

"ಮನಿ ಸುಟಗೊಂಡವರ ಕಡಿಂದ ಕೆಲಸ ತಗೋಬಾರದು ಅಂತ ಎಲ್ಲಾರೂ ಸುಮ್ಮನಿದ್ವಿ," ಎಂದ ಸಾಹುಕಾರ.

"ಕರೀದ ನಾವರ ಹ್ಯಾಂಗ ಬರೂದ್ರಿ?" ಎಂದಳು ಲಗುಮವ್ವ.

ಊರವರದು ಮರುಕ, ಕುರುಬರದು ಮರ್ಯಾದೆ. ನಡುವೆ ಕುರಿ ಸಾಯುತ್ತಿದ್ದವು.

ಸಾಹುಕಾರ ತನ್ನ ಎಲೆಯಡಿಕೆ ಚೀಲ ಬಿಚ್ಚಿ, ಎರಡು ಎಲೆಯ ಮೇಲೆ ಅಡಿಕೆಯಿಟ್ಟು ಎರಡೂ ಕೈಯಿಂದ ಮಾಳಪ್ಪನಿಗೆ ಕೊಟ್ಟ. "ನಮ್ಮ ಹೊಲಕ್ಕ ಗೊಬ್ಬರ ಬೇಕಾಗೇತಿ. ಇವತ್ತ ಇಳೀರಿ. ಜೋಳದ ಕಣಿಕಿ ಮೇವು ಬಣವಿಯಾಗ ಹಂಗ ಐತಿ, ಕುರಿಗೆ ಹಾಕೂಣು."

ಮಾಳಪ್ಪ ವೀಳ್ಯವನ್ನು ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಏದುಸಿರು ಬಿಡುತ್ತ ವ್ಯಾಪಾರಿ ಬಂದ. ಮಾಳಪ್ಪ ಎದ್ದು ನಿಂತು ಹೇಳಿದ: "ಹಿಂಡು ಮಾರೂದಿಲ್ಲಪ್ಪ. ನಮಗ ಹೊಲಕ್ಕ ಕರಿ ಬಂದೈತಿ."

ಅಂದು ಸಂಜೆ ಹಿಂಡು ಗುಡ್ಡ ಇಳಿದದ್ದನ್ನು ಊರೆಲ್ಲ ನೋಡಿತು. ಬೆಳಗಾಗುವುದರೊಳಗೆ ಉಳಿದ ರೈತರಿಗೂ ಬುದ್ಧಿ ಬಂತು. ವೀಳ್ಯ ಹಿಡಿದು ಬಂದವರು ತಮ್ಮ ಹೊಲಕ್ಕೆ ಮೊದಲು, ತಮ್ಮ ಹೊಲಕ್ಕೆ ಮೊದಲು ಎಂದು ಜಗಳವಾಡಿದರು. ಆ ಜಗಳ ಬಿಡಿಸುವ ದೊಡ್ಡಸ್ತಿಕೆ ಮಾಳಪ್ಪನದಾಯಿತು. ಮಳೆಗಾಲದ ಹೊತ್ತಿಗೆ ಗುಡ್ಡದ ಮೇಲೆ ಹುಲ್ಲು ಚಿಗುರಿತು. ಹೊಲದಲ್ಲಿ ದುಡಿದ ಕಾಳು ಹೊತ್ತು, ಮರಿಗಳನ್ನು ಮುಂದೆ ಬಿಟ್ಟುಕೊಂಡು ಕುರುಬರು ಹಟ್ಟಿ ಕಟ್ಟಲು ಹೊರಟರು. ಊರ ಜನ ಗಳ, ಹಗ್ಗ ಹಿಡಿದು ಜೊತೆಗೆ ಹೋದರು. ಈ ಸಲ ಏನು ತರಬೇಕೆಂದು ಮೊದಲೇ ಕೇಳಿಕೊಂಡಿದ್ದರು.

ಬೀಳ್ಕೊಡುವಾಗ ಮಾಳಪ್ಪ ಹೇಳಿದ: "ಸಾವ್ಕಾರ್ರ, ನೀವು ಅಕ್ಕಿ ಕೊಟ್ಟಾಗ ನಮ್ಮ ಜೀವ ಉಳೀತ್ರಿ. ನೀವು ಕರದಾಗ ನಾವು ಉಳದ್ವಿ."

ನೀತಿ: ನೊಂದವರಿಗೆ ಏನು ಬೇಕೆಂದು ಅವರನ್ನೇ ಕೇಳಿ ಕೊಡಬೇಕು. ಅವರ ಕೈಯಲ್ಲಿ ಕೊಡುವುದಕ್ಕೆ ಏನಾದರೂ ಇದ್ದರೆ ಅದನ್ನು ಗೌರವದಿಂದ ತೆಗೆದುಕೊಳ್ಳಬೇಕು. ಅದೂ ನೆರವೇ.