ಬಿಳಿಗಿರಿ ಕಮೋಡಿನ ಮುಚ್ಚಳ ಮುಚ್ಚಿದ್ದು

ಕೇಳಿ, ನಗೋರು ನಗಿ, ಆದರೆ ಕೆಂಪಾಜಮ್ಮನ ಎದುರಿಗೆ ಮಾತ್ರ ನಗಬೇಡಿ. ಆಕೆಗೆ ಬಿಳಿಗಿರಿ ಅಂತ ಒಬ್ಬನೇ ಮಗ. ಇಪ್ಪತ್ತೆಂಟು ವರ್ಷ, ಗಟ್ಟಿಮುಟ್ಟಾದ ಮೈ, ಹಾಲಿನಂಥ ಮನಸ್ಸು. ಬುದ್ಧಿ ಮಾತ್ರ ಹೇಳಿದ್ದು ಹೇಳಿದಷ್ಟೇ. ಬಾಗಿಲು ನೋಡ್ಕೊ ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ಕಳ್ಳ ಕಿಟಕಿಯಿಂದ ಬಂದರೆ ಅದು ಅವನಿಗೆ ಹೇಳಿದ ಕೆಲಸವಲ್ಲ. ಇವನನ್ನು ಕಟ್ಟಿಕೊಂಡು ಹೇಗೆ ಏಗಲಿ ಅಂತ ಕೆಂಪಾಜಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಮಗಳು ಹೇಮಲತಾ ಬಾಣಂತನಕ್ಕೆ ಬಂದಳು. ಎಂಟು ತಿಂಗಳಿಗೇ ಹುಟ್ಟಿದ ಗಂಡು ಕೂಸು, ತೂಕ ಒಂದೂ ಮುಕ್ಕಾಲು ಕೆ.ಜಿ. ಪ್ರತಿ ಶುಕ್ರವಾರ ನರ್ಸು ಲಿಲ್ಲಿಯಮ್ಮ ತೂಕ ನೋಡಲು ಬರುತ್ತಿದ್ದರು. ಮುಂದಿನ ಶುಕ್ರವಾರ ಎರಡು ಕೆ.ಜಿ. ಮುಟ್ಟದಿದ್ದರೆ, ಇಲ್ಲವೇ ಏನಾದರೂ ಸೋಂಕು ತಗುಲಿದರೆ, ಕೂಸನ್ನು ಮತ್ತೆ ದೊಡ್ಡಾಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ ಅಂದರು.

ಲಿಲ್ಲಿಯಮ್ಮ ಬಚ್ಚಲಿಗೂ ಇಣುಕಿದರು. ಕೆಂಪಾಜಮ್ಮನ ಮಂಡಿ ನೋವಿಗೆಂದು ಹಾಕಿಸಿದ ಕಮೋಡು ಒಂದು ಕಡೆ, ಕೂಸಿನ ಸ್ನಾನದ ಟಬ್ಬು ಅದರ ಪಕ್ಕದಲ್ಲೇ. ನೀರು ಬಿಟ್ಟಾಗ ಕಣ್ಣಿಗೆ ಕಾಣದ ಹನಿಗಳು ಮೇಲಕ್ಕೆ ಹಾರುತ್ತವೆ, ಮುಚ್ಚಳ ಮುಚ್ಚಿ ನೀರು ಬಿಡಿ ಅಂದರು. ಮುಚ್ಚಿದರೂ ಸಂದಿಯಿಂದ ಬರೋದು ಬರುತ್ತೆ, ಅದಕ್ಕಿಂತ ಕಮೋಡು ತಿಕ್ಕೋದು, ಕೈ ತೊಳೆಯೋದು ಮುಖ್ಯ ಅಂತಲೂ ಅಂದರು. ಆದರೆ ಹನಿ ಹಾರುತ್ತದೆ ಅನ್ನುವಲ್ಲಿಗೇ ಕೆಂಪಾಜಮ್ಮನ ಕಿವಿ ನಿಂತುಹೋಗಿತ್ತು. ಅವತ್ತಿನಿಂದ ಗೋಡೆ ಮೇಲೆ, ಟವೆಲ್ಲಿನ ಮೇಲೆ, ಕೂಸಿನ ಕೆನ್ನೆಯ ಮೇಲೆ, ಎಲ್ಲೆಲ್ಲೂ ಅವಳಿಗೆ ಹನಿಗಳೇ.

ಮಗನನ್ನು ಕರೆದು, ಮುಚ್ಚಳ ಮುಚ್ಚದೆ ನೀರು ಹಾಕಿದರೆ ನೋಡು ಅಂತ ಎಚ್ಚರಿಸಿದಳು. ಆ ಮನೆಯಲ್ಲಿ ಫ್ಲಷ್ ಕೆಟ್ಟು ಆರು ತಿಂಗಳು, ಎಲ್ಲರದ್ದೂ ಬಕೆಟ್ ನೀರೇ. ಬಿಳಿಗಿರಿ ಹೋದ, ಬಂದ ಕೆಲಸ ಮುಗಿಸಿದ, ಮುಚ್ಚಳ ಭದ್ರವಾಗಿ ಮುಚ್ಚಿದ, ಅದರ ಮೇಲೆ ಒಂದು ಬಕೆಟ್ ನೀರು ಹುಯ್ದ. ಹೋಗಲಿಲ್ಲವಲ್ಲ ಅಂತ ಇನ್ನೊಂದು ಹುಯ್ದ. ನಾಲ್ಕನೇ ಬಕೆಟ್ಟಿಗೆ ನೀರು ಹೊಸಿಲು ದಾಟಿ ಬಾಣಂತಿ ಕೋಣೆಯ ಕಡೆಗೆ ಹೊರಟಿತು.

ಕೆಂಪಾಜಮ್ಮ ಪೊರಕೆ ಹಿಡಿದು ಓಡಿದಳು. "ಲೋ, ಮುಚ್ಚಳದ ಮೇಲೆ ಹುಯ್ತಾರೇನ್ಲಾ?"

"ಮುಚ್ಚಿ ಹಾಕು ಅಂತ ನೀನೇ ಹೇಳ್ದಲ್ಲವ್ವ."

ಹೇಳಿದ್ದು ನಿಜವೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊಸ ಬುದ್ಧಿ ಹೇಳಿದಳು. ಇನ್ನು ಮೇಲೆ ಮುಚ್ಚಳ ತೆಗೆದು ನೀರನ್ನು ಒಳಕ್ಕೇ ಹುಯ್ಯಬೇಕು, ಹುಯ್ದ ಕೂಡಲೇ ಮುಚ್ಚಬೇಕು. ಬಿಳಿಗಿರಿ ತಲೆಯಾಡಿಸಿದ.

ಸೋಮವಾರ ಕೂಸಿನ ಹಾಲಿನ ಪುಡಿಯ ಡಬ್ಬಿ ಅಂಟಂಟಾಗಿದೆ, ತೊಳೆದಿಡು ಅಂದಳು. ಅವನು ಮುಚ್ಚಳ ತೆಗೆದ, ಒಂದು ಚೊಂಬು ನೀರನ್ನು ಒಳಕ್ಕೇ ಹುಯ್ದ, ಹುಯ್ದ ಕೂಡಲೇ ಮುಚ್ಚಿದ. ಒಂದು ಹನಿಯೂ ಹಾರಲಿಲ್ಲ ಕಣವ್ವ ಅಂತ ಹೆಮ್ಮೆಯಿಂದ ತಂದು ಕೊಟ್ಟ. ಅಳಿಯ ಪೇಟೆಯಿಂದ ಹುಡುಕಿ ತಂದಿದ್ದ ಪುಡಿ ಗಂಜಿಯಾಗಿತ್ತು. ಡಬ್ಬಿ ಹಿಡಿದ ಕೈ ನೋಡಿದರೆ, ಆಗಷ್ಟೇ ಕಮೋಡು ತಿಕ್ಕಿ ಬಂದ ಕೈ.

ಕೆಂಪಾಜಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಶುಕ್ರವಾರಕ್ಕೆ ನಾಲ್ಕೇ ದಿನ, ಪುಡಿ ಇಲ್ಲ, ತೂಕ ಹೇಗೆ ಏರಬೇಕು? ಅಳಿಯನಿಗೆ ಫೋನು ಮಾಡಿ ಬೇರೆ ಡಬ್ಬಿ ತರಿಸಿದಳು. ಮಗನಿಗೆ ಚೆನ್ನಾಗಿ ಉಗಿದು, ಸೋಪು ಹಚ್ಚಿ ಕೈ ತೊಳೆಯದೆ ಏನನ್ನೂ ಮುಟ್ಟಬಾರದು ಅಂತ ಆಣೆ ಹಾಕಿಸಿಕೊಂಡಳು.

ಬುಧವಾರ ಬೆಳಿಗ್ಗೆ ಬಿಳಿಗಿರಿ ಕೈ ತೊಳೆದ. ನಲ್ಲಿ ನಿಲ್ಲಿಸಲು ನಲ್ಲಿ ಮುಟ್ಟಿದ. ಕೊಳೆ ಕೈಯಲ್ಲಿ ತಿರುಗಿಸಿದ ನಲ್ಲಿ ಅಲ್ಲವೇ, ಮತ್ತೆ ಕೈ ತೊಳೆದ. ಮತ್ತೆ ನಲ್ಲಿ ಮುಟ್ಟಿದ, ಮತ್ತೆ ತೊಳೆದ. ಹೊತ್ತು ಏರಿತು, ಸೋಪು ಸವೆಯಿತು, ಮೇಲಿನ ಟ್ಯಾಂಕು ಬರಿದಾಯಿತು. ಅಮ್ಮ ಬಂದು ನೋಡಿದಾಗ ಬೆರಳೆಲ್ಲ ಸುಕ್ಕುಗಟ್ಟಿ, ಅಳುಮುಖ ಮಾಡಿಕೊಂಡು ನಿಂತಿದ್ದ. ಕೂಸಿನ ಸ್ನಾನಕ್ಕೆ ಪಕ್ಕದ ಮನೆಯಿಂದ ನೀರು ತರಬೇಕಾಯಿತು.

ಮೊಣಕೈಯಲ್ಲಿ ನಿಲ್ಲಿಸೋ ಅಂತ ಕೆಂಪಾಜಮ್ಮ ಬಯ್ದಳು. ಬಯ್ಯುತ್ತ ಬಯ್ಯುತ್ತ ಅವಳಿಗೇ ಅಳು ಬಂತು. ಇವನಿಗೆ ಬರೀ ಕೆಲಸ ಹೇಳಿದರೆ ಸಾಲದು, ಕಾರಣವನ್ನೂ ಹೇಳಬೇಕು ಅನ್ನಿಸಿತು. ಹತ್ತಿರ ಕೂರಿಸಿಕೊಂಡು ಹೇಳಿದಳು: "ನೋಡ್ಲಾ ಮಗ, ಆ ಹನಿ ಕೂಸಿಗೆ ತಗುಲಿದ್ರೆ ಆಸ್ಪತ್ರೆಯೋರು ಎತ್ಕೊಂಡು ಹೋಯ್ತಾರೆ. ಕೂಸಿನ ಹತ್ರ ಎಲ್ಲಿಂದ ಹನಿ ಹಾರಿದ್ರೂ ಮುಚ್ಚಳ ಹಾಕಿ ಮುಚ್ಬುಡು. ತಿಳೀತಾ?"

"ತಿಳೀತು ಕಣವ್ವ," ಅಂದ. ಕೂಸೆಂದರೆ ಅವನಿಗೂ ಪ್ರಾಣ.

ಶುಕ್ರವಾರ ಬಂತು. ಲಿಲ್ಲಿಯಮ್ಮ ತಕ್ಕಡಿ ಇಟ್ಟು, ಬಟ್ಟೆ ಬಿಚ್ಚಿ ಕೂಸನ್ನು ತಟ್ಟೆಯಲ್ಲಿ ಮಲಗಿಸಿದರು. ಮುಳ್ಳು ಆಡಿತು. ಹೇಮಲತಾ ಕಣ್ಣು ಮುಚ್ಚಿಕೊಂಡಳು. ಕೆಂಪಾಜಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಮುಳ್ಳು ಆಡಿ ಆಡಿ ಎರಡರ ಮೇಲೆ ನಿಂತಿತು.

"ಎರಡಿದೆ, ಇಲ್ಲೇ ಇರಲಿ," ಅಂದರು ಲಿಲ್ಲಿಯಮ್ಮ. "ಮುಂದಿನ ವಾರ ಇನ್ನೂ ಸ್ವಲ್ಪ ಏರಬೇಕು."

ಕೆಂಪಾಜಮ್ಮನ ಎದೆಯ ಭಾರ ಇಳಿಯಿತು. ಅಷ್ಟರಲ್ಲೇ ಕೂಸು ಕಾಲು ಜಾಡಿಸಿ ಉಚ್ಚೆ ಹೊಯ್ಯಿತು. ಅದು ಕಾರಂಜಿಯ ಹಾಗೆ ಎದ್ದು ಲಿಲ್ಲಿಯಮ್ಮನ ಕನ್ನಡಕದ ಮೇಲೆ ಬಿತ್ತು. ಅವರು ನಗುತ್ತ ಕನ್ನಡಕ ಒರೆಸಿಕೊಂಡು, ಒಂದು ಕೈಯಿಂದ ತಟ್ಟೆಯಲ್ಲೇ ಇದ್ದ ಕೂಸನ್ನು ಹಿಡಿದು ಇನ್ನೊಂದರಿಂದ ಪುಸ್ತಕದಲ್ಲಿ ತೂಕ ಬರೆಯತೊಡಗಿದರು.

ಬಿಳಿಗಿರಿ ಹನಿ ಹಾರಿದ್ದನ್ನು ಕಂಡ, ಬಚ್ಚಲಿಗೆ ಓಡಿದ. ಕಮೋಡಿನ ಮುಚ್ಚಳವನ್ನು ಬುಡಸಮೇತ ಕಿತ್ತ. ಹೇಳಿದ ಮಾತು ಮರೆಯಲಿಲ್ಲ, ಸೋಪು ಹಚ್ಚಿ ಕೈ ತೊಳೆದ, ಮೊಣಕೈಯಲ್ಲಿ ನಲ್ಲಿ ನಿಲ್ಲಿಸಿದ. ಮುಚ್ಚಳವನ್ನು ಎರಡು ಮೊಣಕೈಗಳ ನಡುವೆ ಹಿಡಿದು ಬಂದು, ನೋವಾಗದ ಹಾಗೆ ಮೆಲ್ಲಗೆ ಕೂಸಿನ ಮೇಲೆ ಮುಚ್ಚಿದ.

ಲಿಲ್ಲಿಯಮ್ಮನ ಪೆನ್ನು ಕೆಳಗೆ ಬಿತ್ತು. ಹೇಮಲತಾ ಕಿರುಚಿದಳು. ಕೆಂಪಾಜಮ್ಮ ಬಯ್ಯಲು ಬಾಯಿ ತೆರೆದವಳು, ತನ್ನ ಬಾಯಿಂದ ಇನ್ನೊಂದು ಬುದ್ಧಿಮಾತು ಬಂದೀತೆಂದು ಹೆದರಿ ಹಾಗೇ ನಿಂತಳು.

ಬಿಳಿಗಿರಿ ಮಾತ್ರ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಾಡಿತು.

"ಅವ್ವ, ಮೂರಾಯ್ತು," ಅಂದ. "ಮುಂದಿನ ವಾರದ್ದೂ ಇವತ್ತೇ ಆಗೋಯ್ತು."