ಹರಳಿನೊಳಗಿನ ಸಾಲು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಚಂದ್ರಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಹೀಗೆ ಡಂಗುರ ಹೊಡೆಸಿದ ರಾಜನಿಗೆ ಬೇರೆ ಕೆಲಸವಿರಲಿಲ್ಲವೇನೋ. ಮಂತ್ರಿಯ ಮಗ ಮೊದಲನೆಯ ಒಗಟಿಗೇ ತಲೆ ಕೊಟ್ಟ, ಪಾಳೇಗಾರನೊಬ್ಬ ಎರಡನೆಯದಕ್ಕೆ. ಮೂರನೆಯದರವರೆಗೂ ಹೋದವನು ಹರಳಿಗೆ ಸಾಣೆ ಹಿಡಿಯುವ ಓಬಳ. "ಹರಳಿಗೆ ಬಣ್ಣ ಕೊಡೋದು ನಮ್ಮ ಕೈ" ಎಂದು ಜಂಬದಲ್ಲಿ ಹೇಳಿ ಸೆರೆಮನೆ ಸೇರಿದ. ಹುಣ್ಣಿಮೆಗೆ ಅವನ ತಲೆ ತೆಗೆಯುವುದೆಂದಾಯಿತು.

ತಾಯಿ ಸತ್ತ ಮೇಲೆ ತಮ್ಮ ಜುಂಜನಿಗೆ ತುತ್ತು ಕಲೆಸಿ ಹಾಕಿ ಬೆಳೆಸಿದವನು ಈ ಓಬಳನೇ. ಒಗಟು ಗೆದ್ದು ಅಣ್ಣನ ಜೀವ ಬೇಡಿಕೊಳ್ಳಬೇಕೆಂದು ಜುಂಜ ಓಡಿ ಬಂದ. ಒಗಟಿಗೆ ನಿಲ್ಲುವವರು ಬಾರಿಸಬೇಕಾದ ನಗಾರಿಯತ್ತ ಅವನು ನಡೆದಾಗ, ಅರಮನೆಯ ಬಾಗಿಲು ಕಾಯುವ ಮುದುಕ ಅವನ ಕೈ ಹಿಡಿದ.

"ಕೂತ್ಕೊಳೋ ಮಗಾ. ನಗಾರಿ ಮುಟ್ಟೋಕ್ ಮುಂಚೆ ಇಲ್ಲಿನ ಪದ್ಧತಿ ಒಂದು ಕೇಳು."

"ಪುರುಸೊತ್ತಿಲ್ಲ ತಾತ" ಎಂದವನೇ ಜುಂಜ ನಗಾರಿ ಬಾರಿಸಿಬಿಟ್ಟ. ಮಧ್ಯಾಹ್ನ ಸಭೆ ಕೂಡಿತು.

ರಾಜಕುಮಾರಿ ಕೇಳಿದಳು: "ಎರಡು ಹರಳು. ಎರಡರೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಥರದ ಕಣಗಳು. ಒಂದು ಕಾಮನಬಿಲ್ಲಿನಂತೆ ಹೊಳೆಯುತ್ತದೆ, ಇನ್ನೊಂದು ಬರೀ ಬಿಳುಪು. ಯಾಕೆ?"

"ಒಂದ್ರಲ್ಲಿ ಕಣ ಸಾಲಾಗಿ ಕೂತವೆ ತಾಯಿ. ಇನ್ನೊಂದ್ರಲ್ಲಿ ಚೆಲ್ಲಾಪಿಲ್ಲಿ."

"ಹರಳು ತಿರುಗಿಸಿದರೆ ಬಣ್ಣ ಬದಲಾಗುತ್ತದೆ. ನೀಲಕಂಠ ಹಕ್ಕಿಯ ಗರಿ ಹೇಗೆ ತಿರುಗಿಸಿದರೂ ನೀಲಿಯೇ. ಯಾಕೆ?"

"ಗರಿಯೊಳಗೆ ನೇರ ಸಾಲಿಲ್ಲ. ಅಡ್ಡಾದಿಡ್ಡಿ ಇದ್ರೂ ಒಂದಕ್ಕೊಂದು ದೂರ ಮಾತ್ರ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಎಲ್ಲ ಕಡೆಯಿಂದ್ಲೂ ಒಂದೇ ಬಣ್ಣ."

"ಹರಳಿನ ಕಣಗಳನ್ನು ಸಾಲಾಗಿ ಕೂರಿಸಿದವರು ಯಾರು?"

ಅಣ್ಣ ಸೋತದ್ದು ಇಲ್ಲೇ.

"ಯಾರೂ ಅಲ್ಲ ತಾಯಿ. ಕಲ್ಲಿನ ಸಂದೀಲಿ ನಿಂತ ನೀರು ನಿಧಾನಕ್ಕೆ ಆರುತ್ತೆ, ಕಣಗಳು ತಮ್ಮ ಜಾಗ ತಾವೇ ಹುಡುಕ್ಕೋತವೆ. ಬೇಗ ಒಣಗಿದ್ರೆ ಎಲ್ಲ ಕಲಸುಮೇಲೋಗರ. ಆತುರ ಮಾಡಿದ್ರೆ ಕೆಟ್ಟೋಗುತ್ತೆ."

"ಭಲೇ! ಏನು ಬೇಕೋ ಕೇಳು" ಎಂದ ರಾಜ.

"ನಮ್ಮಣ್ಣ ಓಬಳನ್ನ ಕೊಡಿ ಬುದ್ಧಿ. ಇನ್ನೇನೂ ಬೇಡ."

ಬಾಗಿಲ ಮುದುಕ ಅಳುತ್ತ ಮುಂದೆ ಬಂದ. "ಹೊಸಬ ನಗಾರಿ ಬಾರಿಸಿದ್ರೆ, ಹುಣ್ಣಿಮೆವರೆಗೂ ಕಾಯೋದಿಲ್ಲ, ಮುಂಚೆ ಸೋತವನನ್ನ ಮುಗಿಸೇ ಸಭೆ ಕೂಡೋದು ಮಗಾ. ಅಮ್ಮಣ್ಣಿಯವರ ಕಾಲಿಗೆ ಬಿದ್ದು ಮೊದಲು ಅವನ ಜೀವಕ್ಕೆ ಅಭಯ ಕೇಳ್ಕೋ ಅಂತ ಹೇಳೋಕೇ ನಿನ್ನ ಕೈ ಹಿಡಿದಿದ್ದೆ."

ರಾಜಕುಮಾರಿ ಪೀಠ ಬಿಟ್ಟು ಇಳಿದು ಬಂದು, ಅರ್ಧ ರಾಜ್ಯ ತಗೋ ಎಂದು ಅತ್ತಳು.

"ಈ ಆಟ ನಿಲ್ಸಿ ತಾಯಿ" ಎಂದನವನು. "ಬೇರೆಯವರ ಅಣ್ಣಂದಿರಾದ್ರೂ ಉಳೀಲಿ."

ಆ ಮಾತು ನಡೆಯಿತು. ಗೆದ್ದವನಿಗೆ ಹಾಕಲು ಜನ ಬೀದಿಯಲ್ಲಿ ಹಾರ ಹಿಡಿದು ನಿಂತಿದ್ದರು. ಜುಂಜ ಯಾರನ್ನೂ ನೋಡಲಿಲ್ಲ. ಹೆಗಲ ಮೇಲಿನ ಹೆಣಕ್ಕೆ, "ನಾನೇ ಕೊಂದೆ ಕಣಣ್ಣಾ" ಎಂದು ಹೇಳುತ್ತ ಹೇಳುತ್ತ ಊರ ದಾರಿ ಹಿಡಿದ.